ಬಾಯಿಪಾಠದ ಅರಸ

ಮೀಂಜ, ಭಾನುವಾರ ರಾತ್ರಿ.

ಸಭಿಕ ಮಹಾಶಯರೇ! ಸಭೆಯೂ ಇಲ್ಲ, ಪರದೆಯೂ ಇಲ್ಲ, ಆದರೂ ಕೇಳಿ. ನಿಮ್ಮ ಈ ನಟ ಇಂದು ಜನರೆದುರು ಮಾತು ಹೊರಡದೆ ಕುಳಿತ.

ಕಳೆದ ತಿಂಗಳು ನಮ್ಮ ನಾಟಕದ ಮಂತ್ರಿಯ ಪಾತ್ರದಿಂದ ಚೆನ್ನಪ್ಪನನ್ನು ತೆಗೆದವನು ನಾನೇ. ನಾಲ್ಕು ಸಾಲು ಬಾಯಿಪಾಠ ಬಾರದವನಿಗೆ ತಲೆಯೇ ಇಲ್ಲ ಎಂದು ಎಲ್ಲರೆದುರು ಅಬ್ಬರಿಸಿದ್ದೆ. ಅರಸನ ಪಾತ್ರದ ನನಗೋ, ನಾಟಕದ ಎಲ್ಲರ ಮಾತೂ ಕಂಠಸ್ಥ!

ಇವತ್ತು ಮಧ್ಯಾಹ್ನ ತಾಳಮದ್ದಳೆ. ಅಲ್ಲಿ ಬರೆದಿಟ್ಟ ಮಾತಿಲ್ಲ. ಎದುರಿನವನು ಕೇಳಿದ್ದಕ್ಕೆ ಕೂತಲ್ಲೇ ಉತ್ತರ ಹುಟ್ಟಬೇಕು. ಗೊತ್ತಿದ್ದೂ ನಾನು ಆರು ಪುಟ ಬರೆದು ಕಲಿತು ಹೋಗಿದ್ದೆ. ಅಲ್ಲೂ ನಾನು ಅರಸ, ಚೆನ್ನಪ್ಪ ದೂತ. ಅವನ ಎರಡನೆಯ ಪ್ರಶ್ನೆಯೇ ನನ್ನ ಪುಟಗಳಲ್ಲಿ ಇರಲಿಲ್ಲ.

“ಅರಸರೇ, ಮುಗಿದದ್ದು ಮಾತೋ, ಪುಟವೋ?” ಎಂದ.

ಜನ ನಕ್ಕರು. ಮದ್ದಳೆಯವನೂ ನಕ್ಕ.

ಚಾ ಕುಡಿಯುವಾಗ ಚೆನ್ನಪ್ಪನೇ ಬಳಿ ಬಂದ. “ಬೇಜಾರು ಮಾಡ್ಬೇಡಿ ಮಾಸ್ಟ್ರೇ. ನನಗೆ ಕಲಿತದ್ದು ನಿಲ್ಲುದಿಲ್ಲ, ಹಾಗೆ ಆಗಿನದ್ದು ಆಗ ಹೇಳುದು. ನಿಮ್ಮಷ್ಟು ನೆನಪು ಇದ್ದಿದ್ರೆ ನಾನು ಕೂಡ ಅಲ್ಲೇ ಸಿಕ್ಕಿ ಬೀಳ್ತಿದ್ದೆ.”

ಅದು ಸಮಾಧಾನವೋ, ಚುಚ್ಚುಮಾತೋ? ಮೂರು ಸಲ ದೀಪ ಆರಿಸಿ ಮಲಗಿದೆ, ಮೂರು ಸಲ ಎದ್ದೆ. ‘ತಲೆಯೇ ಇಲ್ಲ’ ಎಂದ ನನ್ನದೇ ದನಿ ಕೋಣೆಯಲ್ಲಿ ಮೊಳಗುತ್ತಿದೆ. ಯಾರಿಗೆ ಹೇಳಿದ್ದೆ ಅದನ್ನು?

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ವರ್ಕಾಡಿಯ ಚೆನ್ನಪ್ಪನ ಮನೆಗೆ ಹೋಗಿ ಮಂತ್ರಿಯ ಪಾತ್ರ ಅವನಿಗೇ ಕೊಡುತ್ತೇನೆ. ಬರೆದದ್ದು ಬೇಡ, ತೋಚಿದ್ದು ಹೇಳು ಎನ್ನುತ್ತೇನೆ. ಆ ಮಂತ್ರಿಯ ಎದುರು ನಿಲ್ಲಬೇಕಾದ ಅರಸ ಮಾತ್ರ ನಾನೇ.