ದಾರದಲ್ಲಿ ಬಂದ ಕಾಲು

ನಾರಾಯಣಖೇಡ, ಮಂಗಳವಾರ

ದೊಡ್ಡಪ್ಪನವರಿಗೆ ನಮಸ್ಕಾರ.

ಸರ್ಕಾರಿ ಆಸ್ಪತ್ರೆಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ನಮ್ಮ ಅಧ್ಯಯನ ನಡೆದಿದೆ. ಚೀಟಿ ಮಾಡಿಸುವವರಲ್ಲಿ ಹೆಂಗಸರೇ ಹೆಚ್ಚು. ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

ಇಂದು ಸಿರ್ಗಾಪುರದ ಸ್ವರೂಪಾ ಎಂಬಾಕೆ ಡಾಕ್ಟರ ಮುಂದೆ ಎರಡು ಗಂಟಿನ ದಾರ ಇಟ್ಟಳು. ಗಂಡನ ಊದಿದ ಕಾಲಿನ ಸುತ್ತಳತೆ. ಮೊದಲ ಗಂಟು ಹೋದ ವಾರದ್ದು, ಎರಡನೆಯದು ಈ ವಾರದ್ದು. ನಡುವೆ ಎರಡು ಬೆರಳಿನ ಅಂತರ.

"ದಾರಕ್ಕ ಸೂಜಿ ಚುಚ್ಚಲೇನವ್ವಾ?" ಎಂದರು ಡಾಕ್ಟರು. "ಅವ್ನಿಗೇ ಕರ್ಕೊಂಡು ಬಾ. ವಾರಕ್ಕೊಮ್ಮಿ ತೋರಿಸಲಿಲ್ಲಂದ್ರ ಕಾಲು ಉಳಿಯಂಗಿಲ್ಲ."

"ಬಸ್ಸು ಹೆಂಗಸರಿಗಷ್ಟೇ ಫ್ರೀ ಅದರಿ. ಅವ್ರು ಬಂದ್ರ ಟಿಕೆಟ್ಟೂ ಆತು, ಕೂಲಿನೂ ಹೋತು."

ವಿಚಾರಿಸಿದರೆ, ಹೀಗೆ ಗಂಡಸರ ಬದಲಿಗೆ ಬಂದವರು ಇಂದು ಹದಿನೇಳು ಮಂದಿ.

ಗಂಡನ ಟಿಕೆಟ್ಟಿಗೆಂದು ಸ್ವರೂಪಾಗೆ ದುಡ್ಡು ಕೊಡಲು ಹೋದೆ. ಆಕೆ ನಕ್ಕು ನನ್ನ ಕೈ ಹಿಂದಕ್ಕೆ ಸರಿಸಿದಳು. "ಈ ವಾರ ಕೊಡ್ತೀರಿ ಅಕ್ಕೋರೆ. ಮುಂದಿನ ವಾರ ಇರ್ತೀರೇನು?"

ನನ್ನ ಜ್ವರ ಇಳಿದಿದೆ, ಅಮ್ಮನಿಗೆ ತಿಳಿಸಿ. ಇಲ್ಲಿಯ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದೆ. ಶನಿವಾರ ಬೆಳಿಗ್ಗೆ ತಾಂಡೂರಿಗೆ ಹೊರಡುತ್ತೇವೆ.

ಹೇಮಲತಾ