ಬರ್ನಾರ್ಡರ ಹೆಸರಿದ್ದ ಡಿಸ್ಕ್

ಮಹಬೂಲಾ, ಕುವೈತ್
೨೧ ಜನವರಿ ೨೦೦೫, ಶುಕ್ರವಾರ

ಪ್ರೀತಿಯ ತಂಗಿ ಎಲಿಜಬೆತ್,

ನಿನಗೂ ನಿನ್ನ ಯಜಮಾನರು ಕಜೆಟನರಿಗೂ ಮಕ್ಕಳಿಗೂ ನಮ್ಮೆಲ್ಲರ ಪ್ರೀತಿಯ ನೆನಪುಗಳು. ನೀನು ಕಳಿಸಿದ ಕುಸ್ವಾರ್ ತಿಂಡಿಗಳು ಕ್ರಿಸ್ಮಸ್ಸಿಗೆ ಮೊದಲೇ ಮುಟ್ಟಿದವು. ಡಬ್ಬಿ ಖಾಲಿ ಮಾಡಿ ತಿಂಗಳಾದ ಮೇಲೆ ಉತ್ತರ ಬರೆಯುತ್ತಾಳೆ ಎಂದು ಬಯ್ಯಬೇಡ. ಫೋನ್ ಮಾಡಬಹುದಿತ್ತು, ಆದರೆ ಈಗ ಫೋನ್ ಮುಟ್ಟುವುದಕ್ಕೇ ನನಗೆ ಹೆದರಿಕೆ. ಯಾಕೆಂದು ಹೇಳುತ್ತೇನೆ, ಕಜೆಟನರನ್ನು ಬಿಟ್ಟು ಯಾರ ಕಿವಿಗೂ ಹಾಕಬೇಡ.

ನಿನ್ನ ಭಾವ ಅರ್ದಿಯಾದ ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ, ನಿನಗೆ ಗೊತ್ತಲ್ಲ. ಈಚೆಗೆ ಇಲ್ಲಿ ಒಂದು ಪೀಡೆ. ಹೊಸದಾಗಿ ವಿಂಡೋಸ್ ಹಾಕಿ ಇಂಟರ್ನೆಟ್ಟಿಗೆ ಜೋಡಿಸಿದ ಕೂಡಲೇ ವೈರಸ್ ನುಗ್ಗಿ ಕಂಪ್ಯೂಟರ್ ತಾನೇ ಆರಿಹೋಗುತ್ತದೆ. ಅದನ್ನು ತಡೆಯುವ ಅಪ್‌ಡೇಟ್ ಇರುವುದೂ ಇಂಟರ್ನೆಟ್ಟಿನಲ್ಲೇ! ಅದಕ್ಕೆ ಇವರು ಅಪ್‌ಡೇಟುಗಳನ್ನೆಲ್ಲ ಮೊದಲೇ ಇಳಿಸಿಕೊಂಡು, ಮೂಲ ಡಿಸ್ಕಿನೊಳಗೇ ಸೇರಿಸಿ, ಹೊಸ ಡಿಸ್ಕ್ ಬರ್ನ್ ಮಾಡಿದರು. "ಬೆಂದ ಸಾನ್ನದ ಮೇಲೆ ಉಪ್ಪು ಉದುರಿಸಿದರೆ ಹಿಡಿಯುತ್ತದಾ? ಹಿಟ್ಟಿಗೇ ಹಾಕಬೇಕು ಮಾರಾಯ್ತಿ," ಎಂದು ನನಗೆ ಪಾಠ ಬೇರೆ. ಮೊದಲು ಮಾಡಿದವು ಒಂದೂ ಶುರುವಾಗಲಿಲ್ಲ. ಅವನ್ನು ಬಾಲ್ಕನಿಯಲ್ಲಿ ಕಟ್ಟಿದೆ, ಪಾರಿವಾಳಗಳ ಕಾಟವಾದರೂ ತಪ್ಪಿತು.

ಕೊನೆಗೆ ಒಂದು ಸರಿಯಾಯಿತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು ಈ ಮನುಷ್ಯ. ದೊಡ್ಡ ಕಂಪನಿಗಳು ಕಂಪ್ಯೂಟರಿನೊಳಗೆ ತಮ್ಮ ಹೆಸರು, ಚಿತ್ರ ಹಾಕುತ್ತವಂತೆ. ಇವರೂ ಹಾಗೆಯೇ ಡಿಸ್ಕಿನಲ್ಲಿ 'ಬರ್ನಾರ್ಡ್, ಮಹಬೂಲಾ' ಎಂದು ಹೆಸರು, ಮೊಬೈಲ್ ನಂಬರು, ಒಂದು ಫೋಟೋ ಸೇರಿಸಿಬಿಟ್ಟರು. ನಮ್ಮ ಮದುವೆಯ ಫೋಟೋ! ನನ್ನನ್ನು ಕತ್ತರಿಸಿ ಕೋಟು ಹಾಕಿದ ತಮ್ಮನ್ನು ಮಾತ್ರ ಉಳಿಸಿಕೊಂಡಿದ್ದರು. ಆ ಡಿಸ್ಕ್ ಹಾಕಿದ ಪ್ರತಿ ಕಂಪ್ಯೂಟರಿನಲ್ಲೂ ನಿನ್ನ ಭಾವ ಮದುಮಗನಾಗಿ ನಗುತ್ತಾ ಕೂತಿರುತ್ತಾರೆ.

ಪ್ರತಿ ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದರೆ ಡಿಸ್ಕಿಗಾಗಿ ಜನ ಕಾಯುತ್ತಿದ್ದರು. ಇವರು ಯಾರಿಂದಲೂ ದುಡ್ಡು ಮುಟ್ಟಲಿಲ್ಲ, ಹೊಗಳಿಕೆಯಲ್ಲೇ ಹೊಟ್ಟೆ ತುಂಬಿಸಿಕೊಂಡರು. ಇವರದೇ ಗೋದಾಮಿನ ಸ್ಟೋರ್‌ಕೀಪರ್ ಅಬ್ದುಲ್ ಸಲಾಂ, ಬಂಟ್ವಾಳದ ಕಡೆಯವರು, ಬ್ಯಾಚುಲರ್ ರೂಮುಗಳಿಗೆಲ್ಲ ಡಿಸ್ಕ್ ಹಂಚಿದರು. ಕೊಂಡುಹೋದವರು ಕಾಪಿ ಮಾಡಿ ಇನ್ನೊಬ್ಬರಿಗೆ ಕೊಟ್ಟರು. ಎಲ್ಲೆಲ್ಲಿಂದಲೋ ಗುರುತಿಲ್ಲದವರು "ಬರ್ನಾರ್ಡ್ ಭಾಯಿ ಹೈ ಕ್ಯಾ?" ಎಂದು ಫೋನ್ ಮಾಡತೊಡಗಿದಾಗ ನಾನು ಫೋನ್ ಎತ್ತುವುದನ್ನೇ ಬಿಟ್ಟೆ.

ಇಲ್ಲಿ ವೀಸಾ ಕೊಟ್ಟ ಧಣಿ, ಕಫೀಲನ ಕೆಲಸ ಬಿಟ್ಟು ಹೊರಗೆ ಕೆಲಸ ಮಾಡುವ ಹಾಗಿಲ್ಲ. ಪುಕ್ಕಟೆ ಮಾಡಿದ್ದು ಎಂದರೆ ನಂಬುವವರು ಯಾರು? ಹೆಸರು, ನಂಬರು ಅಂಗಡಿಯ ಬೋರ್ಡಿನ ಹಾಗೆ ತಾವೇ ಬರೆದಿಟ್ಟಿದ್ದಾರೆ. ಇವರ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಹೋದರೆ ನನ್ನದೂ, ಮಕ್ಕಳು ಬ್ರಯಾನ್, ರಿಯೋನಾ ಇಬ್ಬರದೂ ಹೋಯಿತು. ರಿಯೋನಾಳಿಗೆ ಮಾರ್ಚಿನಲ್ಲಿ ಹತ್ತನೆಯ ಪರೀಕ್ಷೆ. ಈಗ ಇಲ್ಲಿಂದ ಎಬ್ಬಿಸಿದರೆ ಅವಳ ವರ್ಷ ನೀರಿನಲ್ಲಿ ಹೋಮ.

ಮಂಗಳವಾರ ಹೆದರಿದ್ದೇ ಆಯಿತು. ಕಫೀಲ್ ಇವರನ್ನು ಕರೆಸಿ ತನ್ನ ಅಕ್ಕನ ಮಗನ ಲ್ಯಾಪ್‌ಟಾಪ್ ತೆರೆದು, "ಶಿನು ಹಾದಾ? ಇದೇನಿದು?" ಎಂದರಂತೆ. ಪರದೆಯ ಮೇಲೆ ಮದುಮಗ! ನಾಳೆ ಉತ್ತರ ಕೊಡು ಎಂದು ಕಳಿಸಿದರಂತೆ. ಇವರು ಮನೆಗೆ ಬಂದು ಹೇಳಿದ ಕೂಡಲೇ ಉಳಿದ ಡಿಸ್ಕುಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿದೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರೆಲ್ಲ ಹೋದ ಹೆಸರನ್ನು ವಾಪಸ್ ಕರೆಯುವುದು ಹೇಗೆ? ಲಿಫ್ಟ್ ನಮ್ಮ ಮಾಳಿಗೆಯಲ್ಲಿ ನಿಂತರೂ ಸಾಕು, ನಾನು ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ. "ಮಮ್ಮಿ, ವೈ ಆರ್ ಯು ವಿಸ್ಪರಿಂಗ್?" ಎಂದು ರಿಯೋನಾ ಕೇಳುತ್ತಾಳೆ. ನಾನು ಪಿಸುಗುಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಬುಧವಾರ ಇವರು ಬಂದು, "ಖಲಾಸ್, ಮುಗಿಯಿತು. ಏನೂ ಆಗುವುದಿಲ್ಲ," ಎಂದರು. ಹೇಗೆ ಮುಗಿಯಿತು ಎಂದರೆ ಹೇಳುವುದಿಲ್ಲ. ಅಂದಿನಿಂದ ಸರಿಯಾಗಿ ಊಟವಿಲ್ಲ, ನನ್ನ ಮುಖ ನೋಡುವುದಿಲ್ಲ. ಮುಗಿದದ್ದಾದರೆ ಮನುಷ್ಯ ಯಾಕೆ ಹೀಗಿರಬೇಕು? ನನಗೆ ಧೈರ್ಯವಿಲ್ಲ. ಏನಾದರೂ ಆದರೆ ಅಲ್ಲಿ ರಿಯೋನಾಳಿಗೆ ಶಾಲೆಯಲ್ಲಿ ಸೀಟು ಸಿಗಬಹುದೇ ಎಂದು ನಿಮ್ಮ ಕಾನ್ವೆಂಟಿನ ಸಿಸ್ಟರರ ಹತ್ತಿರ ವಿಚಾರಿಸಿಡು, ಕಾರಣ ಹೇಳಬೇಡ.

ಸಲಾಂ ನಾಳೆ ಊರಿಗೆ ಹೊರಟಿದ್ದಾರಂತೆ. ಈ ಪತ್ರ, ಮಕ್ಕಳಿಗೆ ಚಾಕಲೇಟು, ನಿನಗೊಂದು ಬೆಡ್‌ಶೀಟ್ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕುಲಶೇಖರದ ನಿನ್ನ ಮನೆಗೇ ತಂದು ಮುಟ್ಟಿಸುತ್ತಾರೆ. ಸಂಜೆಯ ತೇರ್ಸದ ಪ್ರಾರ್ಥನೆಯಲ್ಲಿ ನಮ್ಮ ನಾಲ್ವರ ಹೆಸರನ್ನೂ ಹೇಳು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ಮಕ್ಕಳಿಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಆಲಿವ್

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ, ಮತ್ತೆ ಬಿಡಿಸಿದ್ದೇನೆ. ಸಲಾಂ ಬಂದು ಹೊರಗೆ ಕೂತಿದ್ದಾರೆ. ಚಹಾ ಕೊಟ್ಟು, "ಎಷ್ಟು ತಿಂಗಳ ಲೀವ್?" ಎಂದು ಕೇಳಿದೆ.

"ಲೀವ್ ಅಲ್ಲ ಆಲಿವಕ್ಕ, ವೀಸಾ ಕ್ಯಾನ್ಸಲ್. ಬರ್ನಾರ್ಡಣ್ಣ ಹೇಳ್ಲಿಲ್ವಾ?"

ಕಫೀಲ್ ಬುಧವಾರ ಇಬ್ಬರನ್ನೂ ಎದುರು ನಿಲ್ಲಿಸಿ ಕೇಳಿದಾಗ ಇವರ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಡಿಸ್ಕ್ ಮಾಡಿದ್ದು ತಾನು, ತಮಾಷೆಗೆ ಬರ್ನಾರ್ಡರ ಹೆಸರು, ಫೋಟೋ ಹಾಕಿದ್ದೂ ತಾನೇ ಎಂದು ಸಲಾಂ ಹೇಳಿಬಿಟ್ಟರಂತೆ. "ನಾನಿಲ್ಲಿ ಒಬ್ಬನೇ ಅಲ್ವಾ ಅಕ್ಕ. ನಿಮ್ಮದು ನಾಲ್ಕು ಜನರ ಇಕಾಮಾ. ಮಗಳ ಪರೀಕ್ಷೆ ಬೇರೆ ಉಂಟು."

"ಆಗ ಇವರು ಎಂತ ಹೇಳಿದರು?" ಎಂದೆ.

"ಅವರು ಎಂತ ಹೇಳುವುದು," ಎಂದು ಸಲಾಂ ಲೋಟ ಕೆಳಗಿಟ್ಟರು.

ಬರ್ನಾರ್ಡ್ ಕೋಣೆಯಲ್ಲೇ ಇದ್ದಾರೆ. ಸಲಾಮರ ಸ್ವರ ಕೇಳಿಯೂ ಹೊರಗೆ ಬಂದಿಲ್ಲ. ನಾನು ಹೋಗಿ ಎಳೆದು ತರಬೇಕು, ಆದರೆ ನಾನೂ ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಎಲಿಜಬೆತ್, ಸಲಾಂ ಹೇಳಿದ್ದನ್ನು ಕೇಳಿದಾಗ ನನಗೆ ಮೊದಲು ಅನಿಸಿದ್ದು 'ಅಬ್ಬಾ, ಬದುಕಿದೆವು' ಎಂದೇ. ಈಗ ನನ್ನನ್ನು ಕಂಡರೆ ನನಗೇ ಹೆದರಿಕೆಯಾಗುತ್ತಿದೆ.

ನೀನು ಇದನ್ನು ಓದುವಾಗ ಸಲಾಂ ನಿನ್ನ ಮನೆಯಲ್ಲೇ ಇರಬಹುದು. ಬಾಗಿಲಿನಿಂದಲೇ ಕಳಿಸಬೇಡ, ಊಟ ಹಾಕು. ರಿಯೋನಾಳ ಪರೀಕ್ಷೆಯ ವಿಷಯ ಕೇಳುತ್ತಾರೆ. ಚೆನ್ನಾಗಿ ಓದುತ್ತಿದ್ದಾಳೆ ಎಂದು ಹೇಳು.