ಮೇಲಿನ ಅಂತಸ್ತಿನ ಇಲಿಗಳು

ಜೂನ್ ೧೪

ನನ್ನ ಮೊಂಡ ತಮ್ಮನಿಗೆ, ಅಕ್ಕನಿಂದ.

ಚೆನ್ನಾಗಿದ್ದೀಯಾ ಎಂದು ಕೇಳಲು ಈ ಸಲ ಧೈರ್ಯವಿಲ್ಲ. ನಿನ್ನ ಎರಡು ಪತ್ರಗಳನ್ನು ಮೇಜಿನ ಮೇಲಿಟ್ಟುಕೊಂಡು, ಉತ್ತರ ಬರೆಯದೆ ಕೂತಿದ್ದೆ. ಕ್ಷಮಿಸು. ನಿನ್ನೆ ಫೋನಿನಲ್ಲಿ ನಿನ್ನ ಹೆಂಡತಿಗೆ, "ನಾಳೆಯಿಂದಲೇ ಅವನಿಗೆ ಮಾಸ್ಕ್ ಹಾಕಿಸಮ್ಮ" ಎಂದಷ್ಟೇ ಹೇಳಿದೆ. "ಯಾಕಕ್ಕ? ನೀವು ಕೊಟ್ಟ ಔಷಧಿ ತಗೋತಾನೇ ಇದ್ದಾರಲ್ಲ" ಎಂದಳು. ಕಾರಣ ಪತ್ರದಲ್ಲಿ ಬರೆಯುತ್ತೇನೆ ಎಂದು ಫೋನಿಟ್ಟೆ.

ಮೊದಲು ಮುಖ್ಯವಾದದ್ದು: ಆ ಹಸಿರು ಸೀಸೆಯನ್ನು ನಂಬಬೇಡ. ಡಿಪೋದಲ್ಲಿ ಬಸ್ಸಿನ ಕೆಳಗಿನ ಗುಂಡಿಗೆ ಇಳಿಯುವಾಗ ಜೊತೆಯವರು "ಬಂದ ನೋಡ್ರೋ ಹಂದಿಮೂತಿ" ಎಂದು ನಕ್ಕರೆ ನಗಲಿ. ಮಾಸ್ಕ್ ಇಲ್ಲದೆ ಇಳಿಯಬೇಡ.

ನಮ್ಮ ಪ್ರಯೋಗ ನಿನಗೆ ಗೊತ್ತೇ ಇದೆ. ಗಾಜಿನ ಪೆಟ್ಟಿಗೆ, ಅದರೊಳಗೆ ಎರಡು ಅಂತಸ್ತು, ಎರಡರಲ್ಲೂ ಇಲಿಗಳ ಪಂಜರ. ಕೆಳಗಿನ ಕೊಳವೆಯಿಂದ ದಿನಕ್ಕೆ ಎರಡು ಗಂಟೆ ಡೀಸೆಲ್ ಹೊಗೆ, ಅದನ್ನು ಮೇಲಕ್ಕೂ ಹರಡಲು ಒಂದು ಫ್ಯಾನು. ಅರ್ಧ ಇಲಿಗಳಿಗೆ ಮೊದಲೇ ಎಲೆಯ ಸಾರ ಕುಡಿಸುತ್ತಿದ್ದೆ, ಉಳಿದವಕ್ಕೆ ಬರೀ ನೀರು. ಎಂಟು ವಾರದ ಮೇಲೆ ಶ್ವಾಸಕೋಶ ತೆಗೆದು ನೋಡಿದರೆ ಸಾರ ಕುಡಿದವುಗಳದು ತಿಳಿ ಗುಲಾಬಿ, ನೀರು ಕುಡಿದವುಗಳದು ಮಸಿ. ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ನನ್ನನ್ನು ತಬ್ಬಿಕೊಂಡರು. ಆ ವಾರವೇ ಸಾರದ ಒಂದು ಸೀಸೆಯನ್ನು ಚೀಲದೊಳಗೆ ಅಡಗಿಸಿ ನಿನಗೆ ತಂದುಕೊಟ್ಟೆ. "ಇನ್ನು ಮಾಸ್ಕ್ ಬೇಕಾ ಅಕ್ಕ? ಕನ್ನಡಕಕ್ಕೆಲ್ಲ ಹಬೆ ಕೂರುತ್ತೆ" ಎಂದು ನೀನು ಬರೆದು ಕೇಳಿದೆ. "ಬೇಡ, ಬಿಡು" ಎಂದು ಬರೆದೆ.

ಪಂಜರಗಳನ್ನು ದಿನವೂ ಮೇಲೆ ಕೆಳಗೆ ಅದಲುಬದಲು ಮಾಡಬೇಕೆಂಬುದು ನಿಯಮ. ನಾನು ಮಾಡಲಿಲ್ಲ. ಸಾರ ಕುಡಿದ ಇಲಿಗಳು ಸದಾ ಕಣ್ಣೆದುರಿಗಿರಲಿ ಎಂದು ಮೇಲೆಯೇ ಇಟ್ಟೆ. ಅವು ನಿನ್ನ ಪರವಾಗಿ ಉಸಿರಾಡುತ್ತಿವೆ ಅನ್ನಿಸುತ್ತಿತ್ತು. ದಾಖಲೆ ಪುಸ್ತಕದಲ್ಲಿ ಮಾತ್ರ ದಿನವೂ 'ಬದಲಿಸಲಾಗಿದೆ' ಎಂದು ಗುರುತು ಹಾಕಿದೆ.

ಈಚೆಗೆ ಒಂದು ದಿನ, ಪ್ರಾಣಿಗಳನ್ನು ನೋಡಿಕೊಳ್ಳುವವರು, ನಾವೆಲ್ಲ ಇಲಿ ಮಾವ ಎನ್ನುವವರು, ಪೆಟ್ಟಿಗೆ ಒರೆಸುತ್ತಿದ್ದರು. ಎರಡು ಬಟ್ಟೆಗಳನ್ನು ನನ್ನ ಮುಂದೆ ಹಿಡಿದರು.

"ನೋಡಮ್ಮ, ಕೆಳಗಿಂದು ಇದ್ದಿಲು. ಮೇಲಿಂದು ಬರೀ ಕೈ ಒರೆಸಿದ ಹಾಗಿದೆ. ಒಳಗಿನ ಫ್ಯಾನು ಮಸಿ ಕಟ್ಟಿ ನಿಂತೇ ಹೋಗಿದೆ, ಹೊಗೆ ಮೇಲೆ ಹೋದ್ರೆ ತಾನೆ? ನಿನ್ನ ಇಲಿಗಳು ಬಾಲ್ಕನಿ ಟಿಕೆಟ್ ತಗೊಂಡಿದ್ವು ಬಿಡು!"

ಅವರು ನಕ್ಕರು. ನಾನು ದಾಖಲೆ ಪುಸ್ತಕ ಮುಚ್ಚಿಟ್ಟೆ.

ಫ್ಯಾನು ಸರಿಮಾಡಿಸಿ, ಇಲಿ ಮಾವನಿಗೆ ಮಾತ್ರ ಹೇಳಿ, ಹನ್ನೆರಡು ಇಲಿಗಳ ಮೇಲೆ ಮತ್ತೆ ಪ್ರಯೋಗ ಮಾಡಿದೆ. ಈ ಸಲ ಒಂದು ದಿನವೂ ತಪ್ಪದೆ ಪಂಜರ ಬದಲಿಸಿದೆ. ಮೊನ್ನೆ ನೋಡಿದರೆ ಹನ್ನೆರಡರ ಶ್ವಾಸಕೋಶವೂ ಒಂದೇ ಮಸಿ ಬಣ್ಣ. ಎಲೆಯಲ್ಲಿ ಏನೂ ಇಲ್ಲ ಎಂದು ಇಷ್ಟರಿಂದ ಹೇಳಲಾಗದು. ಇದೆ ಎಂದಂತೂ ಹೇಳಲಾರೆ.

ನಿನ್ನೆ ಬೆಳಗ್ಗೆ ಮೇಡಂ ಕೋಣೆಗೆ ಹೋದೆ.

"ನೀನು ಅಂದ್ರೆ ಗಡಿಯಾರ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ದೆ. ಎಂಟು ವಾರ ಸುಳ್ಳು ಗುರುತು ಹಾಕಿದ್ಯಾ?"

"ಹೌದು ಮೇಡಂ."

"ಪ್ರಬಂಧ ಅಚ್ಚಿಗೆ ಹೋಗಿದೆ. ಈಗ ಬಾಯಿ ಬಿಡಬೇಡ. ಸದ್ದಿಲ್ಲದೆ ಇನ್ನೊಂದು ಸಲ ಮಾಡೋಣ."

"ನನ್ನ ತಮ್ಮ ಇದನ್ನೇ ನಂಬಿ ಮಾಸ್ಕ್ ಬಿಟ್ಟಿದ್ದಾನೆ."

"ಅವನಿಗೆ ಸಾರ ಹೇಗೆ ಸಿಕ್ತು?"

"ನಾನೇ ಕದ್ದು ಕೊಟ್ಟೆ."

ಮೇಡಂ ಕನ್ನಡಕ ತೆಗೆದು, ಬಹಳ ಹೊತ್ತು ಕಣ್ಣೊರೆಸಿಕೊಂಡರು. "ಇದು ಹೊರಗೆ ಬಂದ್ರೆ ನಮ್ಮಿಬ್ಬರಿಗೂ ಇಲ್ಲಿ ಜಾಗ ಇರಲ್ಲ ಕಣೇ" ಎಂದರು. "ನಾಳೆ ಪ್ರಬಂಧ ಅಚ್ಚು ಹಾಕುವ ಪತ್ರಿಕೆಯವರಿಗೆ ನಾನೇ ಬರೆದು ತಿಳಿಸ್ತೀನಿ" ಎಂದು ಹೇಳಿ ಎದ್ದು ಬಂದೆ.

ಮೆಟ್ಟಿಲು ಹತ್ತುವಾಗ ನೀನು ಎರಡನೇ ಮಹಡಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತೀಯಂತೆ. ನಿನ್ನ ಹೆಂಡತಿ ಹೇಳಿದಳು. ಈ ವಾರವೇ ಎದೆಯ ಎಕ್ಸ್‌ರೇ ತೆಗೆಸು. ನಾನೂ ಬರುತ್ತೇನೆ, ಬೇಡ ಎನ್ನಬೇಡ. ನಿನ್ನ ಉಸಿರು ನೂರು ವರ್ಷ ಸರಾಗವಾಗಿ ಆಡಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. 'ಈಚೆಗೆ ಒಂದು ದಿನ' ಎಂದು ಬರೆದೆನಲ್ಲ, ಅದು ಮಾರ್ಚ್ ಆರು. ಮಾಸ್ಕ್ ಬೇಕಾ ಎಂದು ಕೇಳಿದ ನಿನ್ನ ಪತ್ರ ನನ್ನ ಕೈ ಸೇರಿದ್ದು ಮಾರ್ಚ್ ಹತ್ತಕ್ಕೆ. ಆ ಎರಡು ಬಟ್ಟೆಗಳನ್ನು ನೋಡಿದ ಮೇಲೆಯೇ 'ಬೇಡ, ಬಿಡು' ಎಂದು ನಿನಗೆ ಬರೆದದ್ದು. ಪ್ರಬಂಧದಲ್ಲಿ ನಾಲ್ಕನೆಯದಾಗಿ ನನ್ನ ಹೆಸರಿತ್ತು. ಮಾಸ್ಕ್ ಬೇಕು ಎಂದು ನಿನಗೆ ಬರೆದಿದ್ದರೆ, ಆ ಪ್ರಬಂಧ ಸುಳ್ಳೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಈ ಸಾಲುಗಳನ್ನು ನಿನ್ನ ಹೆಂಡತಿಗೆ ತೋರಿಸಬೇಡ ಎಂದು ಬರೆಯಲು ಹೊರಟಿದ್ದೆ. ತೋರಿಸು.